ಪೇಪರಿನಲ್ಲಿ ಬಂದ ನನ್ನ ಅಸಹ್ಯ

ಕದಿರೇಶರನ್ನು ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿ ಪೊರಕೆ ಇತ್ತು. ಹೆಗಲಿಗೆ ಕ್ಯಾಮೆರಾ, ಕೈಯಲ್ಲೊಂದು ಮರದ ಪೆಟ್ಟಿಗೆ, ತಲೆಯ ಮೇಲೊಂದು ಟೊಪ್ಪಿ. ಯಾರನ್ನೂ ಕೇಳದೆ ಸೀದಾ ನಮ್ಮ ಹುಳುಮನೆಯ ಹೊಸ್ತಿಲಿಗೇ ಬಂದು ನಿಂತಿದ್ದರು. ಪೆಟ್ಟಿಗೆಯಿಂದ ಇಂಗು, ಸೀಮೆಎಣ್ಣೆ, ಕೊಳೆತ ಮೊಟ್ಟೆ ಎಲ್ಲ ಸೇರಿದ ನಾತ ಬರುತ್ತಿತ್ತು. ಥೂ, ಈಗ ನೆನೆಸಿಕೊಂಡರೂ ಮೂಗು ಮುಚ್ಚಿಕೊಳ್ಳುತ್ತೇನೆ.

ನಮ್ಮ ಹುತ್ತೂರಿನಲ್ಲಿ ರೇಷ್ಮೆ ಹುಳು ಸಾಕುವವರನ್ನು ಯಾರನ್ನಾದರೂ ಕೇಳಿ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆಯಿಂದ, ಎದ್ದು ಸೊಪ್ಪಿನ ಮೇಲೆ ಬೀಳುವ ದಿನಗಳಲ್ಲಿ ಹೊರಗಿನವರನ್ನು ಹುಳುಮನೆಗೆ ಬಿಡುವುದಿಲ್ಲ. ನಾವು ಒಗ್ಗರಣೆಯನ್ನೂ ಹಾಕುವುದಿಲ್ಲ. ಮನೆಯವರು ಮಾತ್ರ, ಅವರೂ ಕೈಕಾಲು ತೊಳೆದು ಒಳಗೆ ಹೋಗಬೇಕು. ಹೊಗೆಸೊಪ್ಪಿನ ವಾಸನೆ ತಗುಲಿದರಂತೂ ಹುಳು ಹಸಿರು ಕಕ್ಕಿಕೊಂಡು ಸಾಯುತ್ತದೆ.

"ಎಲ್ಲಿಗ್ರೀ ನುಗ್ತಿದೀರಾ? ಆ ನಾತ ಎತ್ಕೊಂಡು ಆಚೆ ಹೋಗಿ," ಎಂದೆ.

ಅವರು ಹಿಂದಕ್ಕೆ ಸರಿದರು. ಆದರೆ ಕಣ್ಣು ನನ್ನ ಮುಖದ ಮೇಲೇ ಇತ್ತು. "ಈ ಮುಖಾನೇ ಹುಡುಕ್ಕೊಂಡು ಬಂದಿದ್ದು ನಾನು," ಎಂದರು ಮೆಲ್ಲಗೆ.

ಗಂಡಸು ಹಾಗೆಂದರೆ ಹುಡುಗಿ ನಾಚಿಕೊಳ್ಳಬೇಕಂತೆ. ನನಗೆ ಪೊರಕೆ ತಿರುಗಿಸಿ ಹಿಡಿಯೋಣ ಅನ್ನಿಸಿತು.

ಅಪ್ಪ ಗಂಗುಲಪ್ಪ ತೋಟದಿಂದ ಬಂದ ಮೇಲೆ ವಿಷಯ ತಿಳಿಯಿತು. ಮುಳಬಾಗಿಲು ಕಡೆಯವರು, ನಮ್ಮವರೇ, ಬಳಸಿಕೊಂಡು ಬಂದರೆ ನೆಂಟಸ್ತನವೂ ಉಂಟು. ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ಓದುತ್ತಿದ್ದರು. ಅಸಹ್ಯವಾದಾಗ ಮನುಷ್ಯರ ಮುಖ ಏನೇನಾಗುತ್ತದೆಂದು ಅವರ ಪ್ರೊಫೆಸರು ಫೋಟೋ ಕೂಡಿಸುತ್ತಿದ್ದರಂತೆ. ಒಳ್ಳೆಯ ಫೋಟೋ ಸಿಕ್ಕಿದರೆ ಇವರಿಗೆ ಸಂಶೋಧನೆಗೆ ಸ್ಕಾಲರ್‌ಶಿಪ್. ಜನ ಮುಖ ಸಿಂಡರಿಸುವುದನ್ನು ನೋಡುವುದಕ್ಕೂ ಒಂದು ವಿಭಾಗವೇ ಎಂದು ನನಗೆ ಇನ್ನಷ್ಟು ಅಸಹ್ಯವಾಯಿತು. ಅಪ್ಪನಿಗೆ ಮಾತ್ರ ಹೆಮ್ಮೆ. ಮಗಳ ಫೋಟೋ ಬಿಟ್ಟಿಗೆ ತೆಗೆಯುತ್ತಾರಲ್ಲ.

ಹುಳುಮನೆಗೆ ದೂರವಾಗಿ, ಹುಣಸೆಮರದ ಕೆಳಗೆ ನನ್ನನ್ನು ಕೂರಿಸಿದರು. ಯುದ್ಧದ ಕಾಲ, ಫಿಲಂ ಸಿಗುತ್ತಿರಲಿಲ್ಲ, ಒಬ್ಬರಿಗೆ ಒಂದೇ ಫೋಟೋ. ಸೀಸೆಯ ಬಿರಡೆ ತೆಗೆದು ಮೂಗಿನ ಹತ್ತಿರ ಹಿಡಿಯುವುದು, ಮುಖ ಕೆಟ್ಟ ಗಳಿಗೆಗೆ ಗುಂಡಿ ಒತ್ತುವುದು. ನಾನು ಹಟಕ್ಕೆ ಬಿದ್ದೆ. ಇಂಗಿಗೆ ಅಲುಗಲಿಲ್ಲ. ಸೀಮೆಎಣ್ಣೆಗೂ ಅಲುಗಲಿಲ್ಲ. ಕೊಳೆತ ಮೊಟ್ಟೆಗೆ ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಕಲ್ಲು.

ಅವರು ಕಾಯುತ್ತಲೇ ಇದ್ದರು. ನನ್ನ ಹುಬ್ಬು, ತುಟಿ, ಮೂಗುಬೊಟ್ಟು, ಒಂದನ್ನೂ ಬಿಡದೆ ನೋಡುತ್ತಿದ್ದರು. ನಾನೂ ನೋಡಿದೆ. ಬಿಸಿಲಿಗೆ ಅವರ ರೆಪ್ಪೆಯ ತುದಿ ಕೆಂಚಾಗಿ ಕಾಣುತ್ತಿತ್ತು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿರಲಿಲ್ಲ, ಹೆತ್ತವಳೂ ಸಹ.

ಕೊನೆಯ ಸೀಸೆಗೂ ಬಿರಡೆ ಹಾಕಿಟ್ಟು, ಮಾತಿಗೆ ಮಾತು ಎಂಬಂತೆ ಕೇಳಿದರು. "ಗೂಡು ಬಿಡಿಸಿದ ಮೇಲೆ ಮಾಲೂರಿಂದ ಆವಲಪ್ಪ ಅನ್ನೋರು ನಿಮ್ಮನ್ನ ನೋಡೋಕೆ ಬರ್ತಾರಂತೆ? ನಿಮ್ಮಪ್ಪ ಹೇಳಿದ್ರು."

ಆವಲಪ್ಪ! ಅವನನ್ನು ನಾನು ಒಂದು ಮದುವೆಯಲ್ಲಿ ನೋಡಿದ್ದೆ. ಮೂಗಿಗೆ ನಶ್ಯ ಏರಿಸಿ, ಕಂದು ಬಣ್ಣ ಇಳಿದದ್ದನ್ನು ಹೆಬ್ಬೆರಳಲ್ಲಿ ಒರೆಸಿ, ಅದೇ ಕೈಯಲ್ಲಿ ಹೋಳಿಗೆ ಮುರಿದು ಪಕ್ಕದ ಎಲೆಗೆ ಹಾಕಿದ್ದ. ಅದು ಕಣ್ಣ ಮುಂದೆ ಬಂದದ್ದೇ ತಡ, ಕ್ಯಾಮೆರಾ ಟಕ್ ಎಂದಿತು.

"ಅದು ನಿಮ್ಮ ಸೀಸೆಗಲ್ಲ," ಎಂದೆ.

"ಗೊತ್ತು," ಎಂದರು. ಯಾಕೋ ಅವರ ಕಿವಿ ಕೆಂಪಾಗಿತ್ತು.

ಮಾಲೂರಿನವರು ಬಂದರು, ತಿಂದರು, ಹುಡುಗಿ ಪರವಾಗಿಲ್ಲ ಎಂದು ಹೋದರು. ಅಮ್ಮ ಅಕ್ಕಯಮ್ಮ ಸೀರೆ ನೋಡಲು ಶುರು ಮಾಡಿದಳು. ನಾನು ಊಟ ಬಿಟ್ಟೆ. ಅಷ್ಟರಲ್ಲಿ ಅಪ್ಪ ಕೋಲಾರದಿಂದ ಒಂದು ಪೇಪರು ತಂದರು. 'ಮನಶ್ಶಾಸ್ತ್ರ ವಿಭಾಗದ ಸಾಧನೆ' ಎಂದು ದಪ್ಪಕ್ಷರ. ವಿಜ್ಞಾನ ಸಮ್ಮೇಳನದಲ್ಲಿ ವಿಭಾಗಕ್ಕೆ ಭಾರೀ ಪ್ರಶಂಸೆಯಂತೆ. ಕೆಳಗೆ ನನ್ನ ಫೋಟೋ. ಮೂಗು ಸೊಟ್ಟ, ತುಟಿ ಮೇಲಕ್ಕೆ, ನಾಲಿಗೆಯ ತುದಿ ಆಚೆಗೆ. 'ಕೊಳೆತ ಮೊಟ್ಟೆಯ ವಾಸನೆಗೆ ಹುತ್ತೂರಿನ ರೈತ ಯುವತಿಯ ಪ್ರತಿಕ್ರಿಯೆ. ಅಸಹ್ಯದ ಅತ್ಯಂತ ಶುದ್ಧ ಮುಖವೆಂದು ವಿದ್ವಾಂಸರ ಮೆಚ್ಚುಗೆ.'

ಊರಿಗೆ ಹಬ್ಬವಾಯಿತು. ಬಾವಿಗೆ ಹೋದರೆ ಹೆಂಗಸರು ನನ್ನಂತೆಯೇ ಮೂಗು ಸೊಟ್ಟ ಮಾಡಿ ತೋರಿಸುವರು. ಪೇಪರಿನಲ್ಲಿ ನಾಲಿಗೆ ಚಾಚಿದ ಹುಡುಗಿ ನಮಗೆ ಬೇಡವೆಂದು ಮಾಲೂರಿನಿಂದ ಹೇಳಿಕಳಿಸಿದರು. ಆ ಪೀಡೆ ತೊಲಗಿತೆಂದು ನಾನು ಹೊಟ್ಟೆ ತುಂಬ ಉಂಡೆ. ಆದರೆ ಇನ್ನು ಯಾರೂ ಈ ಮನೆ ಬಾಗಿಲು ತುಳಿಯುವುದಿಲ್ಲವೆಂದು ಅಮ್ಮ ಅಳುತ್ತಾ ಕೂತಳು.

ಊರು ನಕ್ಕರೆ ನಗಲಿ. ಆದರೆ ಕದಿರೇಶರಿಗೆ ನಿಜ ಗೊತ್ತಿತ್ತು. ಗೊತ್ತಿದ್ದೂ ಕೊಳೆತ ಮೊಟ್ಟೆ ಎಂದು ಬರೆಸಿದ್ದಾರಲ್ಲ, ಅದೇ ನನಗೆ ವಾಕರಿಕೆ. ಮರದ ಕೆಳಗೆ ಅಷ್ಟು ಹೊತ್ತು ನೋಡಿದ್ದು ಬರೀ ಸ್ಕಾಲರ್‌ಶಿಪ್ಪಿಗೋಸ್ಕರವೇ? ಅವರ ಮೇಲೆ ನನಗೆ ಮನಸ್ಸಾಗಿತ್ತು. ಆಗದಿದ್ದರೆ ಅಷ್ಟು ಅಸಹ್ಯವೂ ಆಗುತ್ತಿರಲಿಲ್ಲ.

ಮುಂದಿನ ಬೆಳೆಯ ಹುಳು ನಾಲ್ಕನೇ ಜ್ವರ ಕಳೆದು ಎದ್ದ ಬೆಳಗ್ಗೆ ಅವರು ಮತ್ತೆ ಬಂದರು. ಕ್ಯಾಮೆರಾ ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ. ಈ ಸಲ ಹೊಸ್ತಿಲಿಗೆ ಬರದೆ ಹುಣಸೆಮರದ ಹತ್ತಿರವೇ ನಿಂತರು. ನಾನೇ ಹೋದೆ, ಪೊರಕೆ ಸಮೇತ.

ಮೊಟ್ಟೆಯೆಂದು ಬರೆದದ್ದು ಪ್ರೊಫೆಸರಂತೆ. ಸೀಸೆಗಳ ಸಾಲಿನಲ್ಲಿ ಕೊನೆಯದು ಅದೇ ಆಗಿದ್ದರಿಂದ ಹಾಗೆ ಅಂದುಕೊಂಡರಂತೆ. ಇವರು ಸುಮ್ಮನಿದ್ದುಬಿಟ್ಟರು. ಪೇಪರು ನೋಡಿದ ಮೇಲೆ ತಡೆಯಲಾಗದೆ ಹೋಗಿ ನಿಜ ಹೇಳಿದರಂತೆ. ಪ್ರೊಫೆಸರು ಸಂಗ್ರಹದಿಂದ ಆ ಫೋಟೋ ತೆಗೆದುಹಾಕಿದರು, ಸ್ಕಾಲರ್‌ಶಿಪ್ಪೂ ಹೋಯಿತು.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

ಅವರು ನೆಲ ನೋಡಿದರು. "ನಿಜ ಹೇಳಿದ್ರೆ ಪೂರ್ತಿ ಹೇಳ್ಬೇಕಿತ್ತು. ಆವಲಪ್ಪನ ಹೆಸರಿಗೆ ನೀವು ಮುಖ ಸಿಂಡರಿಸಿದ್ದು ನೋಡಿ ನಂಗೆ ಖುಷಿ ಆಯ್ತು. ಪರೀಕ್ಷೆ ಮಾಡೋನು ಖುಷಿ ಪಡಬಾರ್ದು."

ನನ್ನ ಕೈಯಲ್ಲಿದ್ದ ಪೊರಕೆ ಯಾವಾಗ ಕೆಳಗೆ ಬಿತ್ತೋ ಗೊತ್ತಿಲ್ಲ. ಆದರೂ ಕೋಪ ಪೂರ್ತಿ ಇಳಿದಿರಲಿಲ್ಲ. ನನ್ನ ಮುಖ ಊರೂರು ಸುತ್ತಿತು, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದೆ.

"ನಿಮ್ಮಪ್ಪನ್ನ ಹೆಣ್ಣು ಕೇಳೋಕೆ ಬಂದಿದೀನಿ. ಅದಕ್ಕೂ ಮೊದಲು ನಿಮ್ಮನ್ನ," ಎಂದರು. "ಇವತ್ತು ಮುಖ ನೋಡಿದ್ರೆ ನಂಗೇನೂ ತಿಳೀತಿಲ್ಲ. ಬಾಯಿಬಿಟ್ಟು ಹೇಳಿ."

"ನಶ್ಯ ಹಾಕ್ತೀರಾ?"

"ಇಲ್ಲ."

"ಬೀಡಿ?"

"ಅದೂ ಇಲ್ಲ."

ಹೋಗಿ ಬಿಂದಿಗೆಯಲ್ಲಿ ನೀರು ತಂದು ಅವರ ಮುಂದಿಟ್ಟೆ. ಕೈಕಾಲು ತೊಳೆದುಕೊಳ್ಳಿ, ಹುಳು ಹಸಿದಿದೆ ಎಂದೆ. ಅವರು ಮೊಣಕೈವರೆಗೂ ಉಜ್ಜಿ ತೊಳೆದರು. ಹುಳುಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಅಪ್ಪ ಸೊಪ್ಪಿನ ಮಂಕರಿ ಹೊತ್ತು ಅಡ್ಡ ನಿಂತರು.

"ಹೊರಗಿನೋರ್ನ ಒಳಕ್ಕೆ ಬಿಡ್ತೀಯೇನಮ್ಮ?"

"ಹೊರಗಿನೋರಲ್ಲಪ್ಪ," ಎಂದೆ.

ಅಪ್ಪ ನನ್ನನ್ನು ನೋಡಿದರು, ಅವರ ಒದ್ದೆ ಕಾಲು ನೋಡಿದರು. ಮಂಕರಿ ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು.

ಒಳಗೆ ತಟ್ಟೆ ತುಂಬ ಅರ್ಧ ಬೆರಳುದ್ದದ ಹುಳುಗಳು ಸರಸರ ಸೊಪ್ಪು ಮೇಯುತ್ತಿದ್ದವು. ಒಂದನ್ನು ಎತ್ತಿ ಅವರ ಅಂಗೈಯಲ್ಲಿಟ್ಟೆ. ತಣ್ಣಗಿನ, ಮೆತ್ತಗಿನ ಹುಳು ಮಣಿಕಟ್ಟಿನ ಕಡೆ ತೆವಳಿತು. ಅವರ ಮೂಗು ಸೊಟ್ಟಗಾಯಿತು, ತುಟಿ ಮೇಲಕ್ಕೆ ಹೋಯಿತು, ನಾಲಿಗೆಯ ತುದಿಯೂ ಆಚೆ ಬಂತು. ಪೇಪರಿನ ನನ್ನ ಮುಖವೇ. ನಾನು ಬಿದ್ದು ಬಿದ್ದು ನಕ್ಕೆ. ಅವರು ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.