ಕಡತದ ಮೊದಲ ಹಾಳೆಯ ಸಹಿ

"ಓಯಾರ್ಸ್... ಇದು ನಿನ್ನ ಸಹಿ ತಾನೇ?"

ವಿಜ್ಮಾ ಮೊದಲ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ರೀಗಾ ನಗರದ ಆ ದೊಡ್ಡ ಗ್ರಂಥಾಲಯದಲ್ಲಿ ಅವಳ ಎದುರು ಕೂತವನು, ಇನ್ನು ಎಂಟು ದಿನಕ್ಕೆ ಅವಳ ಗಂಡನಾಗುವವನು, ತಲೆಯಾಡಿಸಿದ.

ಹಳೆಯ ಕಡತ ಬಿಚ್ಚಿದವರು ಮೊದಲ ಹಾಳೆಯಲ್ಲಿ ಹೆಸರು, ತಾರೀಖು ಬರೆದು ಸಹಿ ಹಾಕಲೇಬೇಕು. ಬೆಳಿಗ್ಗೆ, ಅಜ್ಜಿಯ ಊರಿನ ಬಗ್ಗೆ ತಾನು ಬರೆಯುತ್ತಿದ್ದ ಪುಸ್ತಕಕ್ಕಾಗಿ ತರಿಸಿದ್ದ ರಾಶಿಯಲ್ಲಿ ಈ ಕಡತವೂ ಇದ್ದದ್ದನ್ನು ಕಂಡು, ಯಾವಾಗ ಕೇಳಿದ್ದೆನೋ ಎಂದುಕೊಂಡೇ ವಿಜ್ಮಾ ಬಿಚ್ಚಿದ್ದಳು. ಅವಳಿಗಿಂತ ಮುಂಚೆ ಅದನ್ನು ಓದಿದವನು ಒಬ್ಬನೇ, ಓಯಾರ್ಸ್ ವೀತೋಲ್ಸ್. ಅದೂ ಮೂರು ವರ್ಷದ ಹಿಂದೆ! ಅವರಿಬ್ಬರ ಪರಿಚಯವಾಗಿ ಎರಡೇ ವರ್ಷ.

ಒಳಗೆ, ೧೯೪೯ರ ಮಾರ್ಚಿನಲ್ಲಿ ಅವಳ ಅಜ್ಜಿಯ ಊರಿಂದ ಸರ್ಕಾರ ಬಲವಂತವಾಗಿ ಸೈಬೀರಿಯಾಕ್ಕೆ ಸಾಗಿಸಿದವರ ಪಟ್ಟಿ. ಅಜ್ಜಿ ಔಸ್ತ್ರಾ, ಆರು ವರ್ಷ. ಅಜ್ಜಿಯ ತಮ್ಮ ಇಮಾಂತ್ಸ್, ಎಂಟು ತಿಂಗಳು. ಆ ಕೂಸು ರೈಲಿನಲ್ಲೇ ತೀರಿಕೊಂಡಿತ್ತು. ಹೆಸರೂ ತಿಳಿಯದ ನಿಲ್ದಾಣದಲ್ಲಿ ಅದನ್ನು ಹಿಮದ ಮೇಲೆ ಬಿಟ್ಟು ಹೋಗಿದ್ದರು.

ಪಟ್ಟಿಯ ಕೆಳಗೆ ಊರಿನ ಅಧ್ಯಕ್ಷನ ರುಜು: ವೀತೋಲ್ಸ್.

"ನಿಮ್ಮ ತಾತನಾ?"

"ಹೂಂ."

ಅಯ್ಯೋ ದೇವರೇ! ತಾತನ ಹೆಸರು ನನ್ನ ಪುಸ್ತಕದಲ್ಲಿ ಬರಬಾರದು ಅಂತ ಎರಡು ವರ್ಷ ಕಾವಲು ಕೂತಿದ್ದನೇ? ಆ ಪ್ರೀತಿಯೆಲ್ಲ ನಾಟಕವೇ?

"ಎಲ್ಲಾ ಗೊತ್ತಿದ್ದೂ ನಮ್ಮಜ್ಜಿ ಕೈಯಡುಗೆ ಉಂಡೆಯಲ್ಲೋ! ನಾಚಿಕೆ ಆಗ್ಲಿಲ್ವಾ ನಿಂಗೆ?"

ಅವಳು ಉಂಗುರ ಕಳಚಿ ಮೇಜಿನ ಮೇಲಿಟ್ಟು, ಕಡತ ವಾಪಸು ಕೊಡಲು ಎದ್ದು ಹೋದಳು.

"ಇಲ್ಲಿ ಸಹಿ ಹಾಕಮ್ಮ," ಎಂದು ಗ್ರಂಥಪಾಲಕಿ, ಕಡತ ತರಿಸಲು ಬರೆದುಕೊಟ್ಟಿದ್ದ ಬೇಡಿಕೆ ಚೀಟಿ ಚಾಚಿದರು. ಚೀಟಿಯಲ್ಲಿದ್ದ ಹೆಸರು ವಿಜ್ಮಾಳದು. ಅಕ್ಷರ ಮಾತ್ರ ಓಯಾರ್ಸನದು!

ಅವಳು ಚೀಟಿ ಹಿಡಿದು ದಡದಡ ವಾಪಸು ಬಂದಳು. "ಇದನ್ನ ತರಿಸಿದ್ದು ನೀನಾ?"

"ನಾನೇ. ನೀನು ಆ ಊರಿನ ಮೊಮ್ಮಗಳು ಅಂತ ಗೊತ್ತಾಗಿ, ಕ್ಷಮೆ ಕೇಳೋಕೇ ಮೊದಲ ದಿನ ನಿನ್ನೆದುರು ಬಂದು ಕೂತೆ. ನೀನು ನಗ್ತಾ ಪೆನ್ಸಿಲ್ ಕೇಳ್ದೆ... ಬಾಯಿ ಕಟ್ಟೋಯ್ತು. ಆಮೇಲೆ ನಿನ್ನ ಕಳ್ಕೊಳ್ಳೋ ಭಯ."

"ಹೇಡಿ!"

"ಹೌದು, ಹೇಡಿನೇ. ಆದ್ರೆ ಮುಚ್ಚಿಟ್ಟು ಮದುವೆ ಆಗೋಕೆ ನನ್ ಕೈಲಾಗ್ಲಿಲ್ಲ ವಿಜ್ಮಾ. ಬಾಯಲ್ಲಿ ಹೇಳೋಕಾಗ್ದೆ, ನೀನೇ ಓದ್ಲಿ ಅಂತ ನಿನ್ನ ಹೆಸರಲ್ಲಿ ಚೀಟಿ ಬರೆದೆ. ತಾತನ ಹೆಸರು ಪೂರ್ತಿ ಬರಿ. ನಿನ್ನನ್ನ ಪ್ರೀತಿಸಿದ್ದು ಮಾತ್ರ ಸುಳ್ಳಲ್ಲ."

ವಿಜ್ಮಾಳಿಗೆ ಅಳು ಒತ್ತರಿಸಿ ಬಂತು. ಸಿಟ್ಟು ಹೋಗಿರಲಿಲ್ಲ. ಹಾಳು ಪ್ರೀತಿಯೂ ಹೋಗಿರಲಿಲ್ಲ!

"ಅಜ್ಜಿ ಹತ್ರ ಚೀಟಿಗೀಟಿ ನಡೆಯಲ್ಲ," ಎಂದಳು ಕೊನೆಗೆ. "ಇವತ್ತೇ ಬಂದು ಬಾಯಿಬಿಟ್ಟು ಹೇಳ್ಬೇಕು. ಇಮಾಂತ್ಸನ ಹೆಸರು ಹಿಡಿದು ಹೇಳ್ಬೇಕು."

"ಅವರು ಮನೆಯಿಂದ ಆಚೆ ಹಾಕಿದ್ರೆ?"

ವಿಜ್ಮಾ ಉಂಗುರವನ್ನು ತೆಗೆದುಕೊಂಡಳು. ಬೆರಳಿಗೆ ಹಾಕಲಿಲ್ಲ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

"ಬಾಗಿಲಾಚೆ ನಾನಿರ್ತೀನಿ ಕಣೋ. ನಿನ್ನ ಕೋಟು ಹಿಡ್ಕೊಂಡು."