ಸುತ್ತೋಲೆ ನಿಂತ ಮನೆ

ತಲೆ ತುಂಬ ಸೋಪಿನ ನೊರೆ, ಕುತ್ತಿಗೆಗೊಂದು ಟವೆಲ್, ಒಂದು ಕಣ್ಣು ಮುಚ್ಚಿದೆ, ಇನ್ನೊಂದು ಕೆಂಪಗಾಗಿದೆ. ಭಾನುವಾರ ಬೆಳಿಗ್ಗೆ ಈ ಅವತಾರದಲ್ಲಿ ಬಾಗಿಲು ತಟ್ಟಿದ ಗಂಡಸನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

"ಕ್ಷಮಿಸಿ, ಪಕ್ಕದ ಮನೆಯವನು. ಮಕಿನೋ ಅಂತ. ನಿಮ್ಮನೇಲಿ ನೀರು ಬರ್ತಿದೆಯಾ?"

"ಇಲ್ಲ. ಒಂಬತ್ತು ಗಂಟೆಗೇ ನಿಂತೋಯ್ತು."

"ನಮ್ಮನೇಲೂ ಅಷ್ಟೇ" ಅಂದ, ಯಾರೋ ಕೇಳಿದ ಹಾಗೆ.

ಒಸಾಕಾದ ಆ ಗಲ್ಲಿಗೆ ನಾನು ಬಂದು ಒಂದು ತಿಂಗಳೂ ಆಗಿರಲಿಲ್ಲ. ನನ್ನ ಹೆಸರು ಸೊಲೊಂಗೊ, ಊರು ಮಂಗೋಲಿಯಾದ ದರ್ಖಾನ್. ನಾವಿದ್ದ ಕಡೆ ನಲ್ಲಿಯನ್ನು ನಂಬಿಕೊಂಡು ಯಾರೂ ಬದುಕುತ್ತಿರಲಿಲ್ಲ. ಅಮ್ಮ ಕಲಿಸಿದ ಅಭ್ಯಾಸ, ಎಲ್ಲಿದ್ದರೂ ನನ್ನ ಮನೆಯಲ್ಲಿ ಎರಡು ಬಕೆಟ್ ನೀರು ತುಂಬಿರುತ್ತದೆ. ಒಂದು ಬಕೆಟ್ಟು, ಒಂದು ಮಗ್ಗು ಹಿಡಿದು ಹೊರಗೆ ಬಂದೆ.

"ಬಗ್ಗಿ."

"ಇಲ್ಲೇನಾ? ಗಲ್ಲೀಲಾ?"

"ಮತ್ತೆ? ಒಳಗೆ ಬಂದು ನನ್ನ ನೆಲ ಎಲ್ಲ ಒದ್ದೆ ಮಾಡ್ತೀರಾ?"

ಬಗ್ಗಿದ. ಏಪ್ರಿಲ್ ತಿಂಗಳ ತಣ್ಣೀರು. ಮೊದಲ ಮಗ್ಗಿಗೆ ಅವನು ಕಿರುಚಿದ್ದಕ್ಕೆ ಎದುರು ಮನೆ ಕಿಟಕಿ ತೆರೆಯಿತು. ಎರಡನೇ ಮಗ್ಗಿಗೆ ನೊರೆ ಇಳಿದು ಕತ್ತಿನ ಹಿಂದೆ ಒಂದು ಮಚ್ಚೆ ಕಾಣಿಸಿತು. ಮೂರನೆಯದನ್ನು ನಾನು ಬೇಕಂತಲೇ ನಿಧಾನವಾಗಿ ಹೊಯ್ದೆ. ಯಾಕೆ ಅಂತ ಆಗ ನನ್ನನ್ನೇ ಕೇಳಿಕೊಳ್ಳಲಿಲ್ಲ.

ಕಿಟಕಿಯಿಂದ ತಲೆ ಹಾಕಿದವರು ಫುಸಾಯೆ ಅಜ್ಜಿ. ಎಂಬತ್ತು ದಾಟಿದ ಹೆಂಗಸು, ಗಲ್ಲಿಯ ಸಂಘಕ್ಕೆ ಅಧ್ಯಕ್ಷೆ, ಗಂಟಲು ಮಾತ್ರ ಇಪ್ಪತ್ತರದ್ದು.

"ಮಕಿನೋ! ಇವತ್ತು ನೀರು ನಿಲ್ಲಿಸ್ತಾರೆ ಅಂತ ಸುತ್ತೋಲೆ ಕಳಿಸಿರಲಿಲ್ವೇನೋ? ಓದೋಕ್ಕೆ ಬರಲ್ವಾ ನಿಂಗೆ?"

"ನಮ್ಮನೆಗೆ ಬಂದೇ ಇಲ್ಲ ಅಜ್ಜಿ!"

"ಹದಿನೇಳು ದಿನ ಆಯ್ತಲ್ಲೋ ಕಳಿಸಿ!"

ನಾನು ಒಣ ಟವೆಲ್ ತರಲು ಒಳಗೆ ಹೋದೆ. ಹಿಂದಿರುಗಿ ನೋಡಿದರೆ ಅವನು ಬಾಗಿಲಲ್ಲಿ ನಿಂತು ನನ್ನ ಅಡುಗೆಮನೆಯ ಗೋಡೆಯನ್ನೇ ನೋಡುತ್ತಿದ್ದಾನೆ. ಕ್ಯಾಲೆಂಡರ್ ಪಕ್ಕದ ಮೊಳೆಗೆ ನಾನು ಒಂದು ಹಸಿರು ರಟ್ಟು ತೂಗುಹಾಕಿದ್ದೆ. ಅದರ ಕ್ಲಿಪ್ಪಿನಲ್ಲಿ ಚೆರ್ರಿ ಹೂವಿನ ಚಿತ್ರವಿದ್ದ ಕಾಗದ, ಕೆಳಗೆ ಸಾಲು ಚೌಕಗಳು, ಚೌಕಗಳಲ್ಲಿ ಮುದ್ದಾದ ಕೆಂಪು ಸೀಲುಗಳು.

"ಅದು ಸುತ್ತೋಲೆ" ಅಂದ ಮೆಲ್ಲಗೆ.

"ಅಲ್ಲ, ಅದು ಉಡುಗೊರೆ. ಆಚೆ ಮನೆಯಾಕೆ ಎರಡೂ ಕೈಲಿ ಹಿಡಿದು, ಬಗ್ಗಿ ಕೊಟ್ಟು ಹೋದರು."

ನಮ್ಮಲ್ಲಿ ಯಾರಾದರೂ ಎರಡು ಕೈಯಲ್ಲಿ ಏನಾದರೂ ಕೊಟ್ಟರೆ ಅದು ಉಡುಗೊರೆಯೇ. ಮನೆಯಲ್ಲಿ ಎದ್ದುಕಾಣುವ ಜಾಗದಲ್ಲಿ ಇಡಬೇಕು. ಇಲ್ಲಿ ಮಾತ್ರ ಆ ರಟ್ಟನ್ನು ಪ್ರತಿ ಮನೆಯವರೂ ಓದಿ, ತಮ್ಮ ಚೌಕದಲ್ಲಿ ಹೆಸರಿನ ಸೀಲು ಒತ್ತಿ, ಮುಂದಿನ ಮನೆಗೆ ದಾಟಿಸಬೇಕಂತೆ. ನನ್ನ ಮುಂದಿನ ಮನೆ ಅವನದು. ಕೊನೆಗೆ ಅದು ಅಜ್ಜಿಗೆ ವಾಪಸ್. ಇದನ್ನೆಲ್ಲ ಹೇಳುತ್ತ ಹೇಳುತ್ತ ಅವನಿಗೆ ನಗು ಬಂದು, ಹೊಸ್ತಿಲ ಮೇಲೆ ಕೂತೇಬಿಟ್ಟ. ನನಗೆ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡಕೂಡಲೇ ನಗು ನಿಲ್ಲಿಸಿ ಎದ್ದ, ಗೋಡೆಯಿಂದ ರಟ್ಟನ್ನು ತೆಗೆದು ಟವೆಲ್ಲಿನ ಕೆಳಗೆ ಮುಚ್ಚಿಕೊಂಡು ಹೊರಗೆ ಹೋದ.

"ಅಜ್ಜಿ!" ಅಂತ ಕೂಗಿದ. "ಸಿಕ್ತು, ನಮ್ಮನೇಲೇ ಇತ್ತು. ಚಾಪೆ ಕೆಳಗೆ ಸೇರ್ಕೊಂಡಿತ್ತು."

"ಥೂ, ಸೋಂಬೇರಿ!" ಅಂದರು ಅಜ್ಜಿ. ಅಲ್ಲಿಂದ ನಾಲ್ಕು ವರ್ಷ ಇಡೀ ಗಲ್ಲಿ ಅವನನ್ನು "ಹದಿನೇಳು ದಿನ" ಅಂತಲೇ ಆಡಿಕೊಂಡಿತು. ಒಂದು ಸಲವೂ ಅವನು ನನ್ನ ಹೆಸರು ಎತ್ತಲಿಲ್ಲ.

ಶುಹೇ ಮಕಿನೋ ತತಾಮಿ ಚಾಪೆ ಹೊಲಿಯುವವನು. ಮನೆಯ ಮುಂಭಾಗವೇ ಅಂಗಡಿ. ಹೊಸ ಹುಲ್ಲಿನ ಘಮ ಗೋಡೆ ದಾಟಿ ನನ್ನ ದಿಂಬಿನ ತನಕ ಬರುತ್ತಿತ್ತು. ದಪ್ಪ ಸೂಜಿ ಚುಚ್ಚಿ, ದಾರ ಎಳೆದು, ಮೊಣಕೈಯಿಂದ ಅಮುಕಿ ಬಿಗಿ ಮಾಡುತ್ತಿದ್ದ. ಆ ಮೊಣಕೈಯ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ನಾನು ಅದನ್ನು ಕದ್ದು ನೋಡುತ್ತಿದ್ದೆ, ಅವನು ತಲೆ ಎತ್ತಿದರೆ ಚಾಪೆಯ ಅಂಚಿನ ಬಟ್ಟೆ ಚೆನ್ನಾಗಿದೆ ಅನ್ನುತ್ತಿದ್ದೆ. ಪ್ರತಿ ಸಲವೂ ಅದೇ ಸುಳ್ಳು. ಪ್ರತಿ ಸಲವೂ ಅವನು "ಹೌದಾ?" ಅಂತ ಅಂಚನ್ನು ತಿರುಗಿಸಿ ತೋರಿಸುತ್ತಿದ್ದ.

ಆಮೇಲೆ ಸುತ್ತೋಲೆ ಬಂದಾಗಲೆಲ್ಲ ನಾನೇ ಅವನ ಅಂಗಡಿಗೆ ಒಯ್ಯುತ್ತಿದ್ದೆ, ಅವನು ಓದಿ ಹೇಳುತ್ತಿದ್ದ.

"ಚರಂಡಿ ಕ್ಲೀನಿಂಗ್, ಭಾನುವಾರ ಎಂಟಕ್ಕೆ. ಕೈಗವಸು ತನ್ನಿ. ಸೊಲೊಂಗೊ ಅವರು ಗೋಡೆಗೆ ಏನೂ ತೂಗುಹಾಕಬಾರದು."

"ಅದು ಬರೆದಿಲ್ಲ ಅಲ್ಲಿ!"

"ಸಣ್ಣಕ್ಷರದಲ್ಲಿದೆ. ನಿಮಗಿನ್ನೂ ಓದೋಕೆ ಬರಲ್ಲ."

ಸೀಲಿನ ಜಾಗದಲ್ಲಿ ನಾನು ಸಣ್ಣ ಕಾಮನಬಿಲ್ಲು ಬರೆಯುತ್ತಿದ್ದೆ, ಅದೇ ನನ್ನ ಹೆಸರಿನ ಅರ್ಥ. ಅಂಗಡಿಗಳಲ್ಲಿ ಸಿಗುವ ಸಿದ್ಧ ಸೀಲುಗಳಲ್ಲಿ ನನ್ನಂಥವರ ಹೆಸರು ಎಲ್ಲಿರುತ್ತದೆ? ಆ ಡಿಸೆಂಬರಿನಲ್ಲಿ ಅವನು ಹೆಬ್ಬೆರಳು ಗಾತ್ರದ ಮರದ ಸೀಲೊಂದನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆ ತಳ್ಳಿದ. ಒತ್ತಿ ನೋಡಿದೆ. ಕೆಂಪು ವೃತ್ತದೊಳಗೆ ಜಪಾನಿ ಲಿಪಿಯ ನಾಲ್ಕು ಅಕ್ಷರ, ನನ್ನ ಹೆಸರು. ಈ ದೇಶದಲ್ಲಿ ನನ್ನ ಹೆಸರನ್ನು ಯಾರೋ ಗಟ್ಟಿ ಮರದಲ್ಲಿ ಕೊರೆಸಿದ್ದರು.

"ಎರಡು ಕೈಲಿ ಕೊಡಬೇಕು" ಅಂದೆ.

ಎದ್ದು ನಿಂತು, ಬಗ್ಗಿ, ಎರಡು ಕೈಯಲ್ಲಿ ಕೊಟ್ಟ. ಕಿವಿ ಕೆಂಪಗಾಗಿದ್ದವು. ನಾನು ಉಪ್ಪು ಹಾಕಿದ ಹಾಲಿನ ಚಹಾ ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದು, "ಇದು ಚಹಾನಾ ಸೂಪಾ?" ಅಂದ. ಎರಡನೇ ಬಟ್ಟಲನ್ನೂ ಕೇಳಿ ಕುಡಿದ.

ಆ ಗಲ್ಲಿಯ ಋಣ ನಾನು ಏನಂತ ಹೇಳಲಿ? ಕಸ ಬೇರ್ಪಡಿಸುವುದು ತಿಳಿಯದೆ ತಪ್ಪು ದಿನ ಇಟ್ಟ ಚೀಲವನ್ನು ಫುಸಾಯೆ ಅಜ್ಜಿ ಬಿಚ್ಚಿ, ಬೈದುಕೊಂಡೇ ಒಂದೊಂದಾಗಿ ವಿಂಗಡಿಸಿ ಕಲಿಸಿದರು. ಬೈದು ಮುಗಿದ ಮೇಲೆ ಕೈಚೀಲದಿಂದ ಮಿಠಾಯಿ ತೆಗೆದು ಬಾಯಿಗೇ ತುರುಕಿದರು. ನನಗೆ ಜ್ವರ ಬಂದು ಮೂರು ದಿನ ಬಾಗಿಲು ತೆರೆಯದಿದ್ದಾಗ ಹಿಡಿಕೆಗೆ ಗಂಜಿಯ ಡಬ್ಬಿ, ಕಿತ್ತಳೆ, ನಿಂಬೆ, ಚೀಟಿ ಕಟ್ಟಿಟ್ಟು ಹೋದವರು ಯಾರ್ಯಾರೋ. ಈಗಲೂ ಪೂರ್ತಿ ಗೊತ್ತಿಲ್ಲ.

ಆದರೂ ಒಂದು ಮಾತು ಚುಚ್ಚುತ್ತಿತ್ತು. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ನಾನು ಕೆಲಸ ಮಾಡುತ್ತಿದ್ದ ವೃದ್ಧರ ಡೇ ಕೇರ್ ಕೇಂದ್ರದಲ್ಲಿ, ಪ್ರೀತಿಯಿಂದಲೇ ಎಲ್ಲರೂ ಕೇಳುತ್ತಿದ್ದರು, "ಊರಿಗೆ ಯಾವಾಗ ವಾಪಸ್?" ಕೇಳದೆ ಇದ್ದವನು ಮಕಿನೋ ಒಬ್ಬನೇ. ಅದಕ್ಕೇ ಅವನ ಮೇಲೆ ನನಗೆ ಅಷ್ಟು ಆಸೆ.

ನಾಲ್ಕನೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಕೇಂದ್ರ ಮುಚ್ಚುವುದೆಂದಾಯಿತು. ನನಗೆ ದೂರದ ಉತ್ತರದಲ್ಲಿರುವ ಸೆಂದಾಯ್ ಊರಿನ ಶಾಖೆಯಲ್ಲಿ ಜಾಗ ಕೊಟ್ಟರು. ಒಪ್ಪಿಗೆಯ ಕಾಗದ ಮಾರ್ಚ್ ಇಪ್ಪತ್ತರೊಳಗೆ ಕಳಿಸಬೇಕು. ಫುಸಾಯೆ ಅಜ್ಜಿ ಹತ್ತಿರದಲ್ಲೇ ತಾವು ಹೋಗುವ ಬೇರೊಂದು ಡೇ ಕೇರಿನಲ್ಲಿ ಜನ ಬೇಕಾಗಿದ್ದಾರೆ ಅಂದರು. ನಾನು ನೋಡೋಣ ಅಂದೆ. ಉಳಿಯುವುದಕ್ಕೆ ಕೆಲಸವೊಂದೇ ಸಾಕಾಗುತ್ತಿರಲಿಲ್ಲ. ಉಳಿ ಅಂತ ಒಬ್ಬ ಹೇಳಬೇಕಿತ್ತು.

ಅವನಿಗೆ ಹೇಳಲು ಹೋದೆ. ಸೂಜಿ ನಿಲ್ಲಲಿಲ್ಲ.

"ಸೆಂದಾಯ್‌ಗಾ? ಒಳ್ಳೇದಾಯ್ತು. ದೊಡ್ಡ ಊರು."

"ಹೂಂ. ದೊಡ್ಡ ಊರು."

"ಚಳಿ ಜಾಸ್ತಿ. ನಿಮಗೇನು, ಅಭ್ಯಾಸ ಇದೆ."

ಮನೆಗೆ ಬಂದು ಪಾತ್ರೆಗಳನ್ನೆಲ್ಲ ಸದ್ದು ಮಾಡಿ ತೊಳೆದೆ. ಗೋಡೆ ತೆಳ್ಳಗಿತ್ತು, ಅವನಿಗೆ ಕೇಳಲಿ ಅಂತಲೇ.

ಮಾರ್ಚ್ ಮೊದಲ ವಾರ ಸುತ್ತೋಲೆ ಬಂತು. ಇಷ್ಟು ಹೊತ್ತಿಗೆ ನನಗೆ ಓದಲು ಬರುತ್ತಿತ್ತು. "ಸೊಲೊಂಗೊ ಅವರಿಗೆ ಬೀಳ್ಕೊಡುಗೆ ಊಟ. ಎಲ್ಲ ಮನೆಗಳ ಸೀಲು ಬಿದ್ದ ಮೇಲೆ ದಿನ ಗೊತ್ತು ಮಾಡಲಾಗುವುದು." ಹನ್ನೊಂದು ಸೀಲು ಆಗಲೇ ಬಿದ್ದಿದ್ದವು. ನನ್ನ ಬೀಳ್ಕೊಡುಗೆಗೆ ನಾನೇ ಸೀಲು ಒತ್ತಿದೆ, ಅವನು ಕೊಟ್ಟ ಸೀಲೇ. ಅವನು ಅಂಗಡಿಯಲ್ಲಿರಲಿಲ್ಲ. ಬಾಗಿಲ ಬಳಿ ಇಟ್ಟು ಬಂದೆ.

ಹತ್ತು ದಿನಕ್ಕೂ ಮೇಲಾಯಿತು. ಹತ್ತೊಂಬತ್ತನೇ ತಾರೀಕು ಮಧ್ಯಾಹ್ನ ಫುಸಾಯೆ ಅಜ್ಜಿ ಕೋಲೂರಿಕೊಂಡು ಬಂದರು.

"ಏನಮ್ಮಾ ಸೊಲೊ, ಸುತ್ತೋಲೆ ಮತ್ತೆ ಗೋಡೆ ಮೇಲೆ ಹತ್ತಿದೆಯಾ?"

ನನಗೆ ಉರಿದುಹೋಯಿತು. "ಅಜ್ಜಿ, ನಾನು ಅವತ್ತೇ ಕೊಟ್ಟಿದ್ದೀನಿ!" ಅಂದವಳು ತಡೆದು ನಿಂತೆ. "ಮತ್ತೆ ಅಂದ್ರೆ? ಅವತ್ತು ಇಟ್ಕೊಂಡಿದ್ದು ಮಕಿನೋ ಅವರಲ್ವಾ?"

"ನಮ್ಮನೆ ಕಿಟಕಿಯಿಂದ ನಿನ್ನ ಅಡುಗೆಮನೆ ಕಾಣುತ್ತೆ ತಾಯಿ. ಅಷ್ಟೂ ದಿನ ನೋಡಿದೀನಿ. ಎಷ್ಟು ಒಪ್ಪವಾಗಿ ತೂಗುಹಾಕಿದ್ದೆ, ಕೇಳೋಕೆ ಮನಸ್ಸು ಬರಲಿಲ್ಲ, ಅದಕ್ಕೇ ಅವನನ್ನ ಬೈದೆ. ಆ ಪೆದ್ದ ತನ್ನ ಮೈಮೇಲೆ ಹಾಕ್ಕೊಂಡ, ನಾನೂ ಸುಮ್ಮನಾದೆ." ಅಜ್ಜಿ ಮಿಠಾಯಿ ಬಿಚ್ಚಿ ನನ್ನ ಬಾಯಿಗೆ ಹಾಕಿದರು. "ಈ ಸಲ ನಿಜವಾಗ್ಲೂ ಅವನೇ ಇಟ್ಕೊಂಡಿದಾನೆ. ಹೋಗಿ ಕೇಳು. ನನ್ನ ಮಾತಿಗಂತೂ ಕೊಡಲ್ಲ ಅಂತಾನೆ."

ಚಪ್ಪಲಿ ಎಡ ಬಲ ನೋಡದೆ ಮೆಟ್ಟಿಕೊಂಡು ಹೋದೆ.

ಅವನು ಚಾಪೆಯ ಮೇಲೆ ಬಗ್ಗಿದ್ದ. ಗೋಡೆಯ ಮೇಲೆ, ಕ್ಯಾಲೆಂಡರ್ ಪಕ್ಕ, ಹೊಸದಾಗಿ ಹೊಡೆದ ಮೊಳೆಗೆ ಆ ಹಸಿರು ರಟ್ಟು ತೂಗುತ್ತಿತ್ತು.

"ಮಕಿನೋ ಅವರೇ, ಅದು ಸುತ್ತೋಲೆ."

"ಗೊತ್ತು" ಅಂದ, ತಲೆ ಎತ್ತದೆ. "ಉಡುಗೊರೆ ಅಂದ್ಕೊಂಡೆ."

"ತಮಾಷೆ ಮಾಡಬೇಡಿ. ಇಡೀ ಗಲ್ಲಿ ಊಟ ನಿಲ್ಸಿಕೊಂಡು ಕೂತಿದೆ."

"ನಾನು ಸೀಲು ಒತ್ತಿದ್ರೆ ಅದು ಮುಗಿದುಹೋಗುತ್ತೆ. ಮುಗಿದ್ರೆ ನೀವು ಹೊರಡ್ತೀರಿ."

"ನಾಳೆ ಕಾಗದ ಕಳಿಸಿದ್ರೆ ಸೀಲು ಇಲ್ಲದೇನೂ ಹೊರಡ್ತೀನಿ! ಅವತ್ತು ಒಳ್ಳೇದಾಯ್ತು ಅಂದ್ರಲ್ಲ? ದೊಡ್ಡ ಊರು, ಚಳಿ ಅಭ್ಯಾಸ ಇದೆ ಅಂದ್ರಲ್ಲ?"

"ನಿಮ್ಮ ಕೆಲಸ, ನಿಮ್ಮ ಬದುಕು. ಅಡ್ಡ ಬರೋಕೆ ನಾನ್ಯಾರು?"

"ಯಾರು ಅಂತ ನೀವೇ ಹೇಳಬೇಕು! ನಾಲ್ಕು ವರ್ಷದಿಂದ ಚಾಪೆ ಅಂಚು ನೋಡ್ಕೊಂಡು ಕಾಯ್ತಾ ಇದೀನಿ. ನನಗೆ ಅಂಚು ಬಟ್ಟೆ ಬಗ್ಗೆ ಏನೂ ಗೊತ್ತಿಲ್ಲ!"

ಹೊಲಿಗೆಯ ನಡುವೆ ಅವನು ಸೂಜಿ ಇಟ್ಟದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವತ್ತು ಇಟ್ಟ. ಎದ್ದ. ಅಂಗಿಗೆ ಅಂಟಿದ ಹುಲ್ಲೆಳೆಗಳನ್ನು ಕೊಡವಿಕೊಂಡ, ಎಲ್ಲೋ ಮದುವೆಮನೆಗೆ ಹೊರಟವನ ಹಾಗೆ.

"ಹೋಗಬೇಡಿ" ಅಂದ.

ಗೋಡೆಯ ರಟ್ಟನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದ.

"ಅಂಚು ಬಟ್ಟೆ ನೋಡ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು. ನೋಡ್ತಾ ಇರಲಿ ಅಂತಲೇ ದಿನಾ ತಿರುಗಿಸಿ ತೋರಿಸ್ತಿದ್ದೆ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ, ಸೊಲೊಂಗೊ ಅವರೇ. ತಲೆ ಮೇಲೆ ತಣ್ಣೀರು ಹೊಯ್ದಾಗಿಂದ. ಇಲ್ಲೇ ಇರಿ. ಹೋಗಬೇಡಿ."

ವಿಮಾನ ನಿಲ್ದಾಣದಲ್ಲಿ ಅಮ್ಮ ಕೂಡ ಕಣ್ಣೊರೆಸಿಕೊಂಡು "ಹೋಗಿ ಬಾ" ಅಂದಿದ್ದಳು. ಹೋಗಬೇಡ ಅಂತ ಈ ಭೂಮಿಯ ಮೇಲೆ ನನಗೆ ಯಾರೂ ಹೇಳಿರಲಿಲ್ಲ. ಬಾಯಲ್ಲಿ ಅಜ್ಜಿಯ ಮಿಠಾಯಿ ಇಟ್ಟುಕೊಂಡೇ ಗೊಳೋ ಅಂತ ಅತ್ತೆ. ಅವನು ಗಾಬರಿಯಾಗಿ ಕೈಗೆ ಸಿಕ್ಕ ಬಟ್ಟೆ ಕೊಟ್ಟ, ನೋಡಿದರೆ ಅದೇ ಅಂಚು ಬಟ್ಟೆ. ಅಳುತ್ತಲೇ ನಕ್ಕೆ. ಆಗ ಅವನ ಮೊಣಕೈ ಹಿಡಿದೆ. ನಾಲ್ಕು ವರ್ಷ ಕದ್ದು ನೋಡಿದ ಮೊಣಕೈ ನಾನಂದುಕೊಂಡದ್ದಕ್ಕಿಂತ ಒರಟಾಗಿತ್ತು.

"ಇರ್ತೀನಿ" ಅಂದೆ. "ಅಜ್ಜಿ ಡೇ ಕೇರಿನಲ್ಲಿ ಕೆಲಸ ಇದೆಯಂತೆ. ಆದ್ರೆ ನೀವು ಇನ್ನೊಂದು ಸಲ ಹೇಳಬೇಕು."

"ಹೋಗಬೇಡಿ."

"ಇನ್ನೊಂದು ಸಲ."

"ಏ, ಹೇಳೋ ಜೋರಾಗಿ!" ಬಾಗಿಲ ಆಚೆಯಿಂದ ಫುಸಾಯೆ ಅಜ್ಜಿಯ ಗಂಟಲು. "ನನಗೆ ಸರಿಯಾಗಿ ಕೇಳಿಸ್ತಿಲ್ಲ!"

ಊಟ ಮಾತ್ರ ಅಜ್ಜಿ ಬಿಡಲಿಲ್ಲ. ಮುಂದಿನ ಭಾನುವಾರ ಹದಿಮೂರು ಮನೆಯವರೂ ಸೇರಿದರು. ಕಬ್ಬಿಣದ ಹೆಂಚಿನ ಮೇಲೆ ಎಲೆಕೋಸಿನ ದಪ್ಪ ದೋಸೆ, ನನ್ನ ಕೈಯ ಕುರಿಮಾಂಸದ ಕಡುಬು. ಯಾರನ್ನು ಬೀಳ್ಕೊಡುವುದು ಅಂತ ಒಬ್ಬರು ಕೇಳಿದ್ದಕ್ಕೆ ಅಜ್ಜಿ, "ಮಕಿನೋನ ಬ್ರಹ್ಮಚರ್ಯಾನ" ಅಂದರು. ನಾನು ಎದ್ದು, ಪ್ರತಿ ಮನೆಯವರಿಗೂ ಬಟ್ಟಲಲ್ಲಿ ಉಪ್ಪಿನ ಚಹಾ ಹಾಕಿ ಎರಡು ಕೈಯಲ್ಲಿ ಕೊಟ್ಟೆ. ಮುಖ ಕಿವುಚಿಕೊಂಡೇ ಎಲ್ಲರೂ ಕುಡಿದರು.

ಇದಾಗಿ ಆರು ವರ್ಷವಾಯಿತು. ಈಗ ಸುತ್ತೋಲೆಯಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ಚೌಕ. ಸೀಲು ಯಾರು ಒತ್ತಬೇಕು ಅಂತ ತಿಂಗಳಿಗೆ ಎರಡು ಸಲ ಜಗಳ. ಆ ಹಳೆಯ ಬೀಳ್ಕೊಡುಗೆ ಕಾಗದವನ್ನು ಅಜ್ಜಿ ಎರಡೂ ಕೈಯಲ್ಲಿ ಹಿಡಿದು ನಮಗೇ ಕೊಟ್ಟುಬಿಟ್ಟರು. ಅದು ನಮ್ಮ ಅಡುಗೆಮನೆಯ ಗೋಡೆ ಮೇಲಿದೆ. ಹನ್ನೆರಡು ಸೀಲು ಬಿದ್ದಿವೆ, ಹದಿಮೂರನೇ ಚೌಕ ಖಾಲಿ. ಅವನು ಇವತ್ತಿನ ತನಕ ಒತ್ತಿಲ್ಲ.