ವಿಡಿಯೋಗೆ ಇಟ್ಟ ಬೊಟ್ಟು

ಸತ್ತದ್ದು ಒಂದು ಎಮ್ಮೆ. ಶಶಿರೇಖಾ ಮೇಡಂ ಹತ್ತಿರ ಕೆಲಸಕ್ಕೆ ಸೇರಿದ ಮೇಲೆ ನಾನು ಕಳ್ಳತನ, ಮೋಸ, ಒಂದೆರಡು ಕೊಲೆಗಳನ್ನೂ ಕಂಡಿದ್ದೆ. ಎಮ್ಮೆಯ ಸಾವಿನ ಬೆನ್ನು ಹತ್ತಿದ್ದು ಅದೇ ಮೊದಲು. ಆದರೂ ನನ್ನ ಹೊಟ್ಟೆ ಉರಿಸಿದ ಕೇಸು ಅಂತ ಒಂದಿದ್ದರೆ ಅದು ಇದೇ.

2016ರ ಆಯುಧಪೂಜೆ ಮುಗಿದ ಮುಂದಿನ ವಾರ, ಸಹಕಾರನಗರದ ಬೇಕರಿಯ ಮೇಲಿದ್ದ ನಮ್ಮ ಪತ್ತೇದಾರಿ ಆಫೀಸಿಗೆ ಬ್ಯಾಟರಾಯಪ್ಪನವರು ಏದುಸಿರು ಬಿಡುತ್ತ ಬಂದರು. ಅವರು ಯಲಹಂಕದಲ್ಲಿ ದನಕರುಗಳಿಗೆಂದೇ ಒಂದು ವೆಬ್‌ಸೈಟು ನಡೆಸುತ್ತಿದ್ದರು. ಹಸುವಿಗೋ ಎಮ್ಮೆಗೋ ಕಾಯಿಲೆಯಾದರೆ ಸಾಕಿದವರು ಫೋನಿನಲ್ಲಿ ವಿಡಿಯೋ ತೆಗೆದು ಅಲ್ಲಿಗೆ ಹಾಕಬೇಕು. ಡಾಕ್ಟರ್ ಗಯಾಸ್ ಅದನ್ನು ನೋಡಿ, ಯಾರ ಕೊಟ್ಟಿಗೆಗೆ ಮೊದಲು ಓಡಬೇಕೆಂದು ತೀರ್ಮಾನಿಸುತ್ತಿದ್ದರು. ಇದ್ದವರು ಒಬ್ಬರೇ ಡಾಕ್ಟರು, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ.

"ನಮ್ ಶರಣು ಬೇಕಂತ್ಲೇ ಮಿಷಿನ್ ಕೆಡ್ಸವ್ನೆ ಕಣಮ್ಮ," ಎಂದರು ಬ್ಯಾಟರಾಯಪ್ಪ. "ಅದ್ರಿಂದ್ಲೇ ಎಮ್ಮೆ ಸತ್ತೋಯ್ತು. ಎಂಗೆ ಕೆಡ್ಸಿದ ಅಂತ ಕಂಡಿಡ್ದು ಕೊಡಿ ಸಾಕು, ಪೊಲೀಸ್ರಿಗೆ ಒಪ್ಪುಸ್ತೀನಿ."

ಶರಣು ಗದಗದ ಕಡೆಯ ಹುಡುಗ. ಆ ವೆಬ್‌ಸೈಟು ಕಟ್ಟಿದವನೇ ಅವನು. ಮೊದಲೆಲ್ಲ ವಿಡಿಯೋ ಹಾಕಿದ ತಕ್ಷಣ ತೆರೆದುಕೊಳ್ಳುತ್ತಿತ್ತಂತೆ. ಹಬ್ಬದ ನಂತರ ಎಲ್ಲ ವಿಡಿಯೋಗಳ ಮೇಲೂ 'ಪರಿವರ್ತನೆಯಾಗುತ್ತಿದೆ, ದಯವಿಟ್ಟು ಕಾಯಿರಿ' ಎಂದು ಬರತೊಡಗಿತು. ಭಾನುವಾರ ಸಂಜೆ ಉತ್ತರ ಕರ್ನಾಟಕದಿಂದ ಬಂದು ಶೆಟ್ಟಿಹಳ್ಳಿಯಲ್ಲಿ ನೆಲೆಸಿದ್ದ ಪಾರವ್ವ ಎಂಬಾಕೆ ಹಾಕಿದ ವಿಡಿಯೋ ಹೀಗೆಯೇ ಸಾಲಿನಲ್ಲಿ ಸಿಕ್ಕಿಕೊಂಡಿತು. ಅದು ತೆರೆದುಕೊಳ್ಳುವಷ್ಟರಲ್ಲಿ ಎಮ್ಮೆಯ ಪ್ರಾಣ ಹೋಗಿತ್ತು.

"ಶರಣು ಮೇಲೇ ಯಾಕೆ ಅನುಮಾನ?" ಮೇಡಂ ಕೇಳಿದರು.

"ಒಸಾ ಮಿಷಿನ್ ಬೇಕು ಅಂದ, ನಾನು ಆಗಲ್ಲ ಅಂದೆ. ಇದು ಒಂದಿನ ಕೈ ಕೊಡ್ತದ ನೋಡ್ತಿರ್ರಿ ಅಂದ. ಅಂಗೇ ಆಯ್ತಲ್ಲ."

ನಾವು ಮೊದಲು ಹೋದದ್ದು ಶೆಟ್ಟಿಹಳ್ಳಿಗೆ. ಕೊಟ್ಟಿಗೆಯ ಗೂಟದಲ್ಲಿ ಹಗ್ಗ ಹಾಗೇ ಇತ್ತು. ಪಾರವ್ವನಿಗೆ ಇದ್ದದ್ದು ಅದೊಂದೇ ಎಮ್ಮೆ. ಮನೆ ನಡೆಯುತ್ತಿದ್ದದ್ದು, ಮಗಳು ಐಶ್ವರ್ಯ ಕಾಲೇಜಿಗೆ ಹೋಗುತ್ತಿದ್ದದ್ದು ಅದರ ಹಾಲಿನಿಂದಲೇ.

"ಫೋನ್ ಮಾಡಿದ್ವಿ, ವಿಡಿಯೋ ಹಾಕ್ರಿ ಅಂದ್ರು. ಹಾಕಿದ್ವಿ. ಕಾಯ್ರಿ ಅಂತ ಬಂತು," ಎಂದಳು ಪಾರವ್ವ. "ಅದರ ಮಾರಿ ನೋಡ್ಕೋತ ಕಾದ್ವಿ. ಮತ್ತೇನ್ ಮಾಡೂದಿತ್ರಿ?"

ಮೇಡಂ ಐಶ್ವರ್ಯಳ ಫೋನಿನಲ್ಲಿದ್ದ ವಿಡಿಯೋ ನೋಡಿದರು. ಆಮೇಲೆ ಅದೇ ವಿಡಿಯೋವನ್ನು ವೆಬ್‌ಸೈಟಿನಲ್ಲಿ ನೋಡಿದರು. ಮತ್ತೊಮ್ಮೆ ಎರಡನ್ನೂ ನೋಡಿ, "ಅವತ್ತು ಎಮ್ಮೆಗೆ ಕುಂಕುಮ ಹಚ್ಚಿದ್ರಾ?" ಎಂದರು.

"ಇಲ್ರಿ. ಗಂಡ ಹೋದ ಮ್ಯಾಲೆ ನಾ ಕುಂಕುಮ ಮುಟ್ಟೇ ಇಲ್ರಿ."

ಸಾವಿನ ಮನೆಯಲ್ಲಿ ಇದೆಂಥ ಪ್ರಶ್ನೆ ಎಂದು ನನಗೆ ಸಿಟ್ಟೇ ಬಂತು.

ಯಲಹಂಕದ ಆಫೀಸಿನಲ್ಲಿ ಆ ಮಿಷಿನ್ನು, ಅಂದರೆ ವೆಬ್‌ಸೈಟು ಓಡಿಸುವ ಕಂಪ್ಯೂಟರು, ಒಂದು ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ಮೇಲೆ ಬಾಡಿದ ಚೆಂಡುಹೂ, ಮುಂಭಾಗದಲ್ಲಿ ಅರಿಶಿನದ ಮೇಲೆ ದೊಡ್ಡ ಕುಂಕುಮದ ಬೊಟ್ಟು, ಅದರ ಬಲಕ್ಕೆ ಸ್ವಲ್ಪ ಒರೆಸಿದ ಗುರುತು. ಮಿಷಿನ್ ನೋಡಿಕೊಳ್ಳುತ್ತಿದ್ದವನು ಬ್ಯಾಟರಾಯಪ್ಪನವರ ಅಕ್ಕನ ಮಗ ಮುನೇಶ್. ಶರಣುವನ್ನು ಏನೂ ಮುಟ್ಟಕೂಡದೆಂದು ದೂರದ ಕುರ್ಚಿಯಲ್ಲಿ ಕೂರಿಸಿದ್ದರು.

"ಈಗಿನ ಫೋನಿನ ವಿಡಿಯೋ ಹೆಂಗ್ ಬರ್ತದೋ ಹಂಗೇ ಓಡ್ತದ್ರಿ, ಬದಲಾಯ್ಸೂದು ಬೇಕಾಗಿಲ್ಲ," ಎಂದ ಶರಣು. "ಹಳೇ ನಮೂನಿ ವಿಡಿಯೋ ಅಷ್ಟೇ ಪರಿವರ್ತನೆಗೆ ಹೋಗ್ಲಿ, ಉಳಿದದ್ದು ನೆಟ್ಟಗ ಡಾಕ್ಟ್ರ ಹತ್ರ ಹೋಗ್ಲಿ ಅಂತ ಪ್ರೋಗ್ರಾಮಿನ್ಯಾಗ ಒಂದು ತಪಾಸಣೆ ಬರ್ದಿದ್ದೆ. ಯಾಕ ಎಲ್ಲಾ ಸಾಲಿನ್ಯಾಗ ನಿಂತಾವೋ ತಿಳೀವಲ್ದು."

ಮುನೇಶ್ ತೆರೆದು ತೋರಿಸಿದ. ಶರಣು ಬರೆದ ತಪಾಸಣೆಯ ಒಂದು ಅಕ್ಷರವೂ ಕದಲಿರಲಿಲ್ಲ. ಎಲ್ಲವೂ ಸರಿಯಾಗಿದೆ, ಆದರೂ ಕೆಟ್ಟಿದೆ. ನನಗೆ ತಲೆ ಕೆಟ್ಟುಹೋಯಿತು.

"ಹಬ್ಬಕ್ಕೆ ಎಲ್ಲಿದ್ರಿ?" ಮೇಡಂ ಶರಣುವನ್ನು ಕೇಳಿದರು.

"ಊರಾಗಿದ್ದೆ. ಸೋಮವಾರ ಬಂದೆ."

ಮರುದಿನ ಎಲ್ಲರನ್ನೂ ಅಲ್ಲಿಗೇ ಕರೆಸಿದರು. ಡಾಕ್ಟರ್ ಗಯಾಸ್ ಬಂದರು. ಪಾರವ್ವ, ಐಶ್ವರ್ಯ ಬಸ್ಸು ಹಿಡಿದು ಬಂದರು. ಮೇಡಂ ಹೇಳಿದಂತೆ ಐಶ್ವರ್ಯ ಅದೇ ವಿಡಿಯೋವನ್ನು ಮತ್ತೆ ಹಾಕಿದಳು. ದೊಡ್ಡ ಪರದೆಯ ಮೇಲೆ 'ದಯವಿಟ್ಟು ಕಾಯಿರಿ' ಎಂದು ಬಂತು.

"ಕಾಯೋಣ. ಅಷ್ಟರಲ್ಲಿ ಹೇಳಿಬಿಡ್ತೀನಿ," ಎಂದರು ಮೇಡಂ. "ಶರಣು ತಪಾಸಣೆ ಸರಿಯಾಗೇ ಇದೆ. ಆದ್ರೆ ಅದು ಒಳಗೆ ಬಿಟ್ಟ ಮೇಲೆ ಇನ್ನೊಬ್ರು ತಡೀತಿದ್ದಾರೆ. ಫೋನಲ್ಲಿರೋ ವಿಡಿಯೋದಲ್ಲಿ ಬರೀ ಎಮ್ಮೆ ಇದೆ. ವೆಬ್‌ಸೈಟಲ್ಲಿ ಅದೇ ವಿಡಿಯೋದ ಮೂಲೆಯಲ್ಲಿ ಒಂದು ಪುಟ್ಟ ಕುಂಕುಮದ ಬೊಟ್ಟಿದೆ. ಎಮ್ಮೆಗೆ ಹಚ್ಚಿದ್ದಲ್ಲ ಅಂತ ಪಾರವ್ವ ಹೇಳಿದ್ರು. ಹಾಗಾದ್ರೆ ಇಲ್ಲಿಗೆ ಬಂದ ಮೇಲೆ ಹಚ್ಚಿದ್ದು. ಆ ಬೊಟ್ಟಿನ ಬಲಗಡೆ ಒರೆಸಿದ ಗುರುತಿದೆ. ಆ ಮಿಷಿನ್ ಮೇಲಿರೋದಕ್ಕೂ ಹಾಗೇ ಇದೆ ನೋಡಿ. ಇದನ್ನೇ ಫೋಟೋ ತೆಗೆದು ಎಲ್ಲಾ ವಿಡಿಯೋಗೂ ಅಂಟಿಸಿದ್ದಾರೆ."

ಶರಣು ಕುರ್ಚಿಯಿಂದ ಎದ್ದು ನಿಂತ. "ಬೊಟ್ಟು ಇಡಬೇಕಂದ್ರ ವಿಡಿಯೋ ಪೂರಾ ಬಿಚ್ಚಿ, ಒಂದೊಂದು ಚಿತ್ರಕ್ಕೂ ಹಚ್ಚಿ, ಮತ್ತ ಕಟ್ಟಬೇಕ್ರಿ. ಅದೂ ಪರಿವರ್ತನೇನೇ."

"ಅದಕ್ಕೇ ಸಾಲು ಬೆಳೀತು. ಹಬ್ಬದ ದಿನ ನೀವು ಊರಲ್ಲಿದ್ರಿ, ಅಂಟಿಸಿದ್ದು ಮುನೇಶ್. ಆದ್ರೆ ಮಾವ ಹೇಳದೆ ಮುನೇಶ್ ಇಲ್ಲಿ ಒಂದು ಕುರ್ಚಿನೂ ಸರಿಸಲ್ಲ. ಬ್ಯಾಟರಾಯಪ್ಪನವ್ರೇ, ಪೂಜೆ ಮಾಡಿದ್ದು ನೀವೇ ಅಲ್ವಾ?"

ಬ್ಯಾಟರಾಯಪ್ಪನವರು ಮಿಷಿನ್ನಿನ ಮೇಲಿನ ಬೊಟ್ಟಿನ ಕಡೆ ತಿರುಗಿದರು. "ಮಿಷಿನ್‌ಗೆ ಬೊಟ್ಟಿಟ್ಟೆ. ಇಡಿಯೋಗೂ ಒಂದು ಇಡ್ಲಾ ಮುನೇಶ, ಕಾಯ್ಲೆ ದನಕ್ಕೆ ಒಳ್ಳೇದಾಗ್ಲಿ ಅಂದೆ. ಅಷ್ಟೇ ಕಣಮ್ಮ ನಾನಂದಿದ್ದು."

"ಎಮ್ಮೆ ಸತ್ತ ಮೇಲೆ, ಸೋಮವಾರಾನೇ ನಂಗೆ ಗೊತ್ತಾಯ್ತು ಮಾವ," ಎಂದ ಮುನೇಶ್, ನೆಲ ನೋಡುತ್ತ. "ಬೊಟ್ಟು ಅಳಿಸ್ತೀನಿ ಅಂತ ನಿಮ್ಮುಂದೆ ಹೆಂಗೆ ಬಾಯ್ಬಿಡ್ಲಿ?"

ಯಾರನ್ನು ಬೈಯುವುದು? ಒಬ್ಬರು ಒಳ್ಳೆಯದಾಗಲಿ ಎಂದಿದ್ದರು, ಇನ್ನೊಬ್ಬ ಹಿರಿಯರ ಮಾತು ಕೇಳಿದ್ದ. ಹಿಡಿದುಕೊಡಲು ಕಳ್ಳನೇ ಇಲ್ಲದ ಕೇಸು ಎಷ್ಟು ಸಂಕಟವೆಂದು ಅವತ್ತು ತಿಳಿಯಿತು.

"ಈಗ ತೆಗೀರಿ," ಎಂದರು ಮೇಡಂ. ಮುನೇಶ್ ಕೂತು ಅಣಿ ಮಾಡಿದ, ಕೊನೆಯ ಗುಂಡಿಯೊಂದು ಉಳಿಯಿತು. ಅಲ್ಲಿಗೆ ಅವನ ಕೈ ನಿಂತಿತು. ಇಟ್ಟ ಕುಂಕುಮವನ್ನು ಅಳಿಸುವುದು ಹೇಗೆ? ಅವನು ಮಾವನನ್ನು ನೋಡಿದ, ಬ್ಯಾಟರಾಯಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಡಾಕ್ಟರ್ ಗಯಾಸ್, "ನಾನು ಒತ್ತಿದ್ರೆ ಊರಲ್ಲಿ ಬೇರೇನೇ ಮಾತಾಗುತ್ತೆ," ಎಂದು ಹಿಂದೆ ಸರಿದರು. ಶರಣು, "ನಂಗ ಮುಟ್ಟಬ್ಯಾಡ ಅಂದಾರಲ್ರಿ," ಎಂದ. ನಾನು? ಧೈರ್ಯದ ಮಾತು ಬೇಡ ಬಿಡಿ, ಕಿಟಕಿಯ ಕಡೆ ತಿರುಗಿದೆ. ಮೇಡಂ ಮುಂದೆ ಬಂದರು, ಆದರೆ ಅಷ್ಟರಲ್ಲಿ ಪಾರವ್ವ ಎದ್ದಿದ್ದಳು.

"ಯಾವುದು ಒತ್ತಬೇಕು ತೋರ್ಸಪ್ಪ," ಎಂದಳು. "ನನ್ನ ಹಣೀದನ್ನ ನಾಕು ಮಂದಿ ಸೇರಿ ಅಳ್ಸಿದ್ರು. ಅವಾಗ ಯಾರಿಗೂ ಕೈ ನಡುಗ್ಲಿಲ್ಲ."

ಒತ್ತಿದಳು. ಐಶ್ವರ್ಯ ವಿಡಿಯೋವನ್ನು ಮತ್ತೆ ಹಾಕಿದಳು. ಅವಳು ಫೋನು ಕೆಳಗಿಡುವ ಮೊದಲೇ ಪರದೆಯ ಮೇಲೆ ಎಮ್ಮೆ ನಿಂತಿತ್ತು. ಹೊಟ್ಟೆ ಎಡಕ್ಕೆ ಉಬ್ಬಿತ್ತು, ಕಾಲಿನಿಂದ ನೆಲ ಕೆರೆಯುತ್ತಿತ್ತು. ಬ್ಯಾಟರಾಯಪ್ಪನವರು ಶರಣುವಿನ ಹತ್ತಿರ ಹೋಗಿ ಅವನ ಭುಜ ಹಿಡಿದು ನಿಂತರು.

"ಹೊಟ್ಟೆ ಉಬ್ಬರ," ಎಂದರು ಡಾಕ್ಟರ್ ಗಯಾಸ್. "ಒಂದು ಸಲ ಚುಚ್ಚಿ ಗಾಳಿ ಹೊರಗೆ ಬಿಟ್ಟಿದ್ರೆ ಉಳೀತಿತ್ತು. ಅವತ್ತು ನಾನು ಇಲ್ಲೇ, ಇದೇ ಪರದೆ ನೋಡ್ತಾ ಕೂತಿದ್ದೆ."

ವಿಡಿಯೋ ಓಡುತ್ತಲೇ ಇತ್ತು. ಅದರೊಳಗಿಂದ ಪಾರವ್ವನ ದನಿಯೇ ಕೇಳುತ್ತಿತ್ತು, ಎಮ್ಮೆಯ ಬೆನ್ನು ಸವರುತ್ತ ಹೇಳುತ್ತಿದ್ದಳು: "ತಡಿ ನನ್ನವ್ವ, ಡಾಕ್ಟ್ರು ನೋಡಾಕತ್ತಾರ, ಇನ್ನೇನ್ ಬಂದ್ರು."